ಮಾವಿನ ಹಣ್ಣು ಒಳಗಿನಿಂದ ಕೆಟ್ಟರೆ: ಕರಾವಳಿಯ ಹಿತ್ತಲಿಗೆ ದೋಷ ನಿವಾರಣೆ ಕೈಪಿಡಿ

ಹೊರಗೆ ಒಂದು ಕಲೆಯಿಲ್ಲ, ಬಣ್ಣ ಬಂದಿದೆ, ಪರಿಮಳವೂ ಇದೆ. ಹೆಚ್ಚಿದರೆ ಗೊರಟಿನ ಸುತ್ತ ಬೆಳ್ಳಗೆ, ಬಾಯಿಗಿಟ್ಟರೆ ಹುಳಿ. ಮಂಗಳೂರು, ಉಡುಪಿಯ ಹಿತ್ತಲುಗಳಲ್ಲಿ ಇದಕ್ಕೆ ಸಿಗುವ ಮಾಮೂಲಿ ಉತ್ತರ: "ಮರಕ್ಕೆ ಹುಳ ಬಿದ್ದಿದೆ, ಔಷಧಿ ಹೊಡೆಯಿರಿ." ಆದರೆ ಈ ದೋಷಕ್ಕೂ ಹುಳಕ್ಕೂ ಸಂಬಂಧವೇ ಇಲ್ಲ. ಹುಳ ಇದ್ದರೂ ಅದು ಯಾವ ಹುಳ ಎಂದು ತಿಳಿಯದೆ ಹೊಡೆದ ಔಷಧಿ ನೆಲಕ್ಕೆ ಸುರಿದಂತೆಯೇ. ಮೇ ತಿಂಗಳಲ್ಲಿ ತಟ್ಟೆಯಲ್ಲಿ ಕಾಣುವ ದೋಷದ ಮೂಲ ಹೆಚ್ಚಾಗಿ ಫೆಬ್ರುವರಿ, ಮಾರ್ಚಿನಲ್ಲೋ ಕೊಯ್ದ ದಿನದಲ್ಲೋ ಇರುತ್ತದೆ. ಆದ್ದರಿಂದ ಇಲ್ಲಿ ಪರೀಕ್ಷೆ ಶುರುವಾಗುವುದು ಕತ್ತಿಯಿಂದ. ಮರದ ಕಡೆ ಹೋಗುವುದು ಆಮೇಲೆ.

ಕತ್ತರಿಸುವ, ರುಚಿ ನೋಡುವ ಕ್ರಮ

ಒಂದೇ ಹಣ್ಣು ನೋಡಿ ತೀರ್ಮಾನಕ್ಕೆ ಬರಬೇಡಿ. ಮರದ ಪಡುವಣ ಬದಿಯಿಂದ ಎರಡು, ಮೂಡಣ ಬದಿಯಿಂದ ಎರಡು, ಒಳಗಿನ ನೆರಳಿನ ಗೆಲ್ಲುಗಳಿಂದ ಎರಡು ಕಾಯಿ ಕೊಯ್ದು, ಎಲ್ಲಿಯದು, ಯಾವ ದಿನದ್ದು ಎಂದು ಟೇಪಿನ ಮೇಲೆ ಬರೆದು ಅಂಟಿಸಿ. ಒಟ್ಟಿಗೆ ಹಣ್ಣು ಮಾಡಿ, ಒಂದೇ ದಿನ ನೋಡಿ. ಫ್ರಿಜ್ಜಿನಿಂದ ತೆಗೆದ ತಣ್ಣನೆಯ ಹಣ್ಣಿನಲ್ಲಿ ಸಿಹಿ ಮಂದವಾಗಿ ತಿಳಿಯುತ್ತದೆ, ಪರಿಮಳ ಏಳುವುದಿಲ್ಲ; ಹೊರಗಿಟ್ಟು ಎರಡು ಗಂಟೆ ಬಿಡಿ.

ಎರಡು ಕೆನ್ನೆಗಳನ್ನು ಗೊರಟಿನ ಎರಡೂ ಬದಿಗೆ ತಾಗಿಸಿ ಉದ್ದಕ್ಕೆ ಕತ್ತರಿಸಿ. ಆಮೇಲೆ ಗೊರಟನ್ನೂ ಕತ್ತಿಯ ಮೊನೆಯಿಂದ ಬಿಡಿಸಿ ಒಳಗಿನ ಬೀಜ ನೋಡಿ. ಹೆಚ್ಚಿನವರು ಈ ಕೊನೆಯ ಹೆಜ್ಜೆಯನ್ನು ಬಿಟ್ಟುಬಿಡುತ್ತಾರೆ, ಅರ್ಧ ಉತ್ತರ ಅಲ್ಲೇ ಇರುತ್ತದೆ. ರುಚಿಯನ್ನು ನಾಲ್ಕು ಕಡೆ ನೋಡಬೇಕು: ತೊಟ್ಟಿನ ಹೆಗಲು, ತುದಿ, ಸಿಪ್ಪೆಯ ಕೆಳಗೆ, ಗೊರಟಿಗೆ ತಾಗಿದಲ್ಲಿ.

ನಾಲ್ಕೂ ಕಡೆ ಒಂದೇ ಹುಳಿಯಾದರೆ ಕಾಯಿ ಬಲಿಯುವ ಮೊದಲೇ ಕೊಯ್ದದ್ದು. ಸಿಪ್ಪೆಯ ಬಳಿ ಸಿಹಿ, ಗೊರಟಿನ ಬಳಿ ಹುಳಿಯಾದರೆ ಸ್ಪಂಜು ತಿರುಳು. ಗೊರಟಿನ ಬಳಿ ಅತಿ ಸಿಹಿಯಾಗಿ, ಹುದುಗು ಬಂದ ವಾಸನೆಯಿದ್ದು, ತಿರುಳು ಲೋಳೆಯಾಗಿದ್ದರೆ ಅದು ಬೇರೆಯೇ ದೋಷ, ಮುಂದೆ ಹೇಳಿದೆ. ಎಲ್ಲ ಕಡೆ ಸಪ್ಪೆ, ನೀರು ನೀರಾದರೆ ಕೊಯ್ಲಿನ ಹಿಂದಿನ ವಾರ ಮಳೆ ಬಿದ್ದಿದೆ ಅಥವಾ ನೀರು ಹೆಚ್ಚಾಗಿದೆ. ಸಿಪ್ಪೆಯ ಕೆಳಗೆ ಮಾತ್ರ ಕಹಿ, ಒಗರು ಇದ್ದರೆ ಸೊನೆ ಮೈಮೇಲೆ ಇಳಿದಿರಬೇಕು. ಕಾಟು (ಕಾಡು) ಮಾವಿನ ಹುಳಿ, ನಾರು ದೋಷವಲ್ಲ. ಅದು ಗೊಜ್ಜು, ಸಾಸಮೆಗೆಂದೇ ಇರುವ ರುಚಿ. ತಳಿಯ ಸ್ವಭಾವವನ್ನು ರೋಗವೆಂದು ತಿಳಿಯಬಾರದು.

ಗೊರಟಿನ ಸುತ್ತ ಬಿಳಿ, ಹುಳಿ, ಸ್ಪಂಜಿನಂಥ ತಿರುಳು

ಇದು ಆಪುಸಿನ, ಅಂದರೆ ಬಾದಾಮಿಯ, ಬಹುದೊಡ್ಡ ತೊಂದರೆ. ಕೆಲವೊಮ್ಮೆ ತಿರುಳಿನಲ್ಲಿ ಗಾಳಿ ತುಂಬಿದ ಸೀಳುಗಳೂ ಕಾಣುತ್ತವೆ. ಹೊರಗೆ ಯಾವ ಗುರುತೂ ಇಲ್ಲ, ಮುಟ್ಟಿದರೂ ಗೊತ್ತಾಗುವುದಿಲ್ಲ. ಹುಳವಿಲ್ಲ, ಶಿಲೀಂಧ್ರವಿಲ್ಲ, ಆದ್ದರಿಂದ ಯಾವ ಕೀಟನಾಶಕವೂ ಇದನ್ನು ಮುಟ್ಟುವುದಿಲ್ಲ.

ಆಗುವುದೇನೆಂದರೆ, ಕಾಯಿ ಮರದಲ್ಲೇ ಇರುವಾಗ ಒಳಗಿನ ಬೀಜ ಮೊಳಕೆಯ ಕೆಲಸ ಶುರು ಮಾಡಿಬಿಡುತ್ತದೆ. ಅದು ಸುತ್ತಲ ತಿರುಳಿನಿಂದ ನೀರು, ಸತ್ವ ಎಳೆದುಕೊಳ್ಳುತ್ತದೆ; ಅಷ್ಟು ಭಾಗದಲ್ಲಿ ಪಿಷ್ಟ ಸಕ್ಕರೆಯಾಗದೆ ಉಳಿಯುತ್ತದೆ. ನೆಲದಿಂದ ಏಳುವ ಬಿಸಿ ಇದಕ್ಕೆ ಇಂಬು ಕೊಡುತ್ತದೆ. ಹಿತ್ತಲಿನಲ್ಲಿ ಮೊದಲು ನೋಡಬೇಕಾದದ್ದು ಅದನ್ನೇ. ಬೋಳು ಮುರಕಲ್ಲಿನ ನೆಲ, ಇಂಟರ್‌ಲಾಕ್ ಹಾಸಿದ ಅಂಗಳ, ತಗಡಿನ ಶೀಟಿನ ಚಾವಣಿಗೆ ತಾಗಿ ಬೆಳೆದ ಗೆಲ್ಲುಗಳು: ಇವುಗಳ ಮೇಲೆ ತೂಗುವ ಕಾಯಿ ಏಪ್ರಿಲ್ ಮಧ್ಯಾಹ್ನಗಳಲ್ಲಿ ಕೆಳಗಿನಿಂದಲೂ ಬೇಯುತ್ತದೆ. ಗುರುತು ಮಾಡಿಟ್ಟ ಕಾಯಿಗಳಲ್ಲಿ ಅಂಗಳದ ಬದಿಯವು ಕೆಟ್ಟು, ತರಗೆಲೆ ಬಿದ್ದ ತೋಟದ ಬದಿಯವು ಚೆನ್ನಾಗಿದ್ದರೆ ಕಾರಣ ಸಿಕ್ಕಿತು.

ಪರಿಹಾರ ಮೂರು, ಮೂರನ್ನೂ ಒಟ್ಟಿಗೆ ಮಾಡಬೇಕು.

ಒಂದು, ಫೆಬ್ರುವರಿಯಲ್ಲೇ ಮರದ ನೆರಳು ಬೀಳುವಷ್ಟಗಲ ತರಗೆಲೆ, ತೆಂಗಿನ ಮಡಲು, ಸೋಗೆ ಯಾವುದಾದರೂ ಸರಿ, ಹತ್ತು ಹದಿನೈದು ಸೆಂಟಿಮೀಟರ್ ದಪ್ಪ ಹರಡಿ. ಬುಡಕ್ಕೆ ಮಾತ್ರ ತಾಗಿಸಬೇಡಿ, ಒಂದು ಅಡಿ ಬಿಡಿ. ಗೆದ್ದಲು ಇರುವ ಜಾಗವಾದರೆ ಆ ಅಂತರ ಇನ್ನೂ ಮುಖ್ಯ.

ಎರಡು, ಮರದಲ್ಲೇ ಪೂರ್ತಿ ಬಲಿಯಲು ಬಿಡಬೇಡಿ. ದೊಡ್ಡ ಕಾಯಿ, ತಡವಾಗಿ ಕೊಯ್ದ ಕಾಯಿ, ಇವುಗಳಲ್ಲೇ ಸ್ಪಂಜು ಹೆಚ್ಚು. ಕಾಯಿ ಕಚ್ಚಿ ಸುಮಾರು ಮೂರೂವರೆ ತಿಂಗಳಿಗೆ, ತೊಟ್ಟಿನ ಎರಡೂ ಕಡೆ ಹೆಗಲು ತುಂಬಿ ತೊಟ್ಟು ತುಸು ಕುಳಿತಂತೆ ಕಂಡಾಗ ನಾಲ್ಕೈದು ಕಾಯಿ ಕೊಯ್ದು ನೀರಿನ ಪರೀಕ್ಷೆ ಮಾಡಿ. ಒಂದು ಬಾಲ್ದಿಯಲ್ಲಿ ಬರೀ ನೀರು, ಇನ್ನೊಂದರಲ್ಲಿ ಲೀಟರಿಗೆ 25 ಗ್ರಾಂ ಉಪ್ಪು ಕರಗಿಸಿದ ನೀರು. ಬರೀ ನೀರಿನಲ್ಲಿ ತೇಲಿದರೆ ಎಳಸು. ಬರೀ ನೀರಿನಲ್ಲಿ ಮುಳುಗಿ ಉಪ್ಪು ನೀರಿನಲ್ಲಿ ತೇಲಿದರೆ ಆಪುಸಿಗೆ ಅದೇ ಸರಿಯಾದ ಹದ. ಉಪ್ಪು ನೀರಿನಲ್ಲೂ ಮುಳುಗಿದರೆ ಬಲಿತದ್ದು ಹೆಚ್ಚಾಗಿದೆ, ಅಂಥವುಗಳಲ್ಲಿ ಸ್ಪಂಜು ಸಿಗುವ ಸಂಭವ ಜಾಸ್ತಿ. "ಮರದಲ್ಲೇ ಹಣ್ಣಾದದ್ದಕ್ಕೆ ರುಚಿ ಹೆಚ್ಚು" ಎಂಬ ಮಾತು ಬೇರೆ ಎಷ್ಟೋ ಹಣ್ಣಿಗೆ ಸರಿ, ಆಪುಸಿಗೆ ಸಲ್ಲದು.

ಮೂರು, ಕೈಗೆಟಕುವ ಗೆಲ್ಲಿನ ಕಾಯಿಗಳಿಗೆ ಮೊಟ್ಟೆ ಗಾತ್ರದಲ್ಲಿರುವಾಗ ಕಂದು ಕಾಗದದ ಚೀಲ ಕಟ್ಟಿ, ಕೆಳಗಿನ ಮೂಲೆ ಕತ್ತರಿಸಿ ನೀರಿಳಿಯಲು ದಾರಿ ಬಿಡಿ. ಪ್ಲಾಸ್ಟಿಕ್ ತೊಟ್ಟೆ ಕಟ್ಟಬೇಡಿ, ಒಳಗೆ ಬೆವರಿ ಕಾಯಿ ಕೊಳೆಯುತ್ತದೆ. ಕಾಗದದ ಚೀಲದಿಂದ ಹಣ್ಣು ನೊಣದ ಕಾಟವೂ ತಪ್ಪುತ್ತದೆ.

ಇಷ್ಟಾದರೂ ಪ್ರತಿ ವರ್ಷ ಕಾಲುಭಾಗಕ್ಕಿಂತ ಹೆಚ್ಚು ಹಣ್ಣು ಕೆಡುತ್ತಿದ್ದರೆ ತಳಿ ಬದಲಾಯಿಸುವುದೇ ಮೇಲು. ಅದಕ್ಕೆ ಮರ ಕಡಿಯಬೇಕಾಗಿಲ್ಲ, ದಾರಿ ಕೊನೆಯಲ್ಲಿದೆ.

ಗೊರಟಿನ ಸುತ್ತ ಲೋಳೆ, ತುದಿ ಮೊದಲೇ ಮೆತ್ತಗಾಗುವುದು

ಆಮ್ರಪಾಲಿಯಂಥ ತಳಿಗಳಲ್ಲಿ ಗೊರಟಿಗೆ ತಾಗಿದ ತಿರುಳು ಹೊರಗಿನದಕ್ಕಿಂತ ಮೊದಲೇ ಹಣ್ಣಾಗಿ, ಅರೆಪಾರದರ್ಶಕ ಲೋಳೆಯಾಗುತ್ತದೆ. ಬಣ್ಣ ನೋಡಿ ಗುರುತು ಹಿಡಿಯಬಹುದು: ಸ್ಪಂಜು ಬೆಳ್ಳಗೆ, ಒಣಗಿದಂತೆ, ಇದು ಕಡು ಹಳದಿ, ಒದ್ದೆ. ತಡವಾದ ಕೊಯ್ಲು, ಹಣ್ಣಿನಲ್ಲಿ ಸುಣ್ಣದ ಅಂಶದ ಕೊರತೆ, ಸಾರಜನಕದ ಅತಿ, ಮೂರೂ ಇದಕ್ಕೆ ಕಾರಣ. ಹಣ್ಣಿನ ತುದಿ ಮಾತ್ರ ಮೊದಲೇ ಮೆತ್ತಗಾಗುವುದಕ್ಕೂ ಇವೇ ಕಾರಣಗಳು.

ಕರಾವಳಿಯ ಮಣ್ಣಿಗೆ ಇದು ವಿಶೇಷವಾಗಿ ಅನ್ವಯಿಸುತ್ತದೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಮೇಲೆ ಸುರಿಯುವ ಮಳೆ ಮುರಕಲ್ಲಿನ ಮಣ್ಣಿನಿಂದ ಸುಣ್ಣ, ಬೋರಾನು, ಪೊಟ್ಯಾಷನ್ನು ತೊಳೆದುಕೊಂಡು ಹೋಗುತ್ತದೆ, ಮಣ್ಣು ಹುಳಿಯಾಗುತ್ತದೆ. ಮಣ್ಣಿನ ಪರೀಕ್ಷೆಗೆ ಮಂಗಳೂರಿನವರು ಕಂಕನಾಡಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ, ಉಡುಪಿಯವರು ಬ್ರಹ್ಮಾವರದ ಕೇಂದ್ರದಲ್ಲಿ ವಿಚಾರಿಸಬಹುದು. ಮಣ್ಣಿನ ಹುಳಿಯನ್ನು ತೋರಿಸುವ ಪಿಎಚ್ ಅಂಕಿ 5.5ಕ್ಕಿಂತ ಕೆಳಗಿದ್ದರೆ ದೊಡ್ಡ ಮರಕ್ಕೆ ವರ್ಷಕ್ಕೆ ಒಂದು ಕಿಲೋ ಕೃಷಿ ಸುಣ್ಣ ಅಥವಾ ಡೋಲೋಮೈಟನ್ನು ಮೇ ಕೊನೆಗೆ, ಮೊದಲ ಮಳೆಯ ಹದಕ್ಕೆ, ಬುಡದಿಂದ ನಾಲ್ಕೈದು ಅಡಿ ದೂರ ಸುತ್ತಲೂ ಹರಡಿ ಮಣ್ಣಿಗೆ ಸೇರಿಸಿ. ಗೊಬ್ಬರವನ್ನು ಅದರೊಂದಿಗೆ ಬೆರೆಸಬೇಡಿ, ಎರಡು ಮೂರು ವಾರ ಬಿಟ್ಟು ಕೊಡಿ. ಬಚ್ಚಲ ಒಲೆಯ ಬೂದಿಯೂ ಒಳ್ಳೆಯದೇ, ಅದರಲ್ಲಿ ಪೊಟ್ಯಾಷ್ ಇದೆ. ಆದರೆ ರಾಶಿ ಹಾಕದೆ ತೆಳ್ಳಗೆ ಹರಡಬೇಕು.

ತಿರುಳಿನಲ್ಲಿ ಕಂದು ಕಲೆಗಳಿದ್ದು, ಕಾಯಿಗಳು ಸೀಳುತ್ತಿದ್ದರೆ ಬೋರಾನಿನ ಕೊರತೆಯನ್ನು ಶಂಕಿಸಬೇಕು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ "ಮ್ಯಾಂಗೋ ಸ್ಪೆಷಲ್" ಲಘು ಪೋಷಕಾಂಶದ ಪುಡಿ ಇಂಥದ್ದಕ್ಕೆಂದೇ ಇದೆ: 15 ಲೀಟರ್ ನೀರಿಗೆ 75 ಗ್ರಾಂ ಪುಡಿ, ಎರಡು ಲಿಂಬೆಯ ರಸ, ಒಂದು ಸ್ಯಾಶೆ ಶಾಂಪೂ. ಬೆಳಗ್ಗೆ ಅಥವಾ ಇಳಿಹೊತ್ತಿನಲ್ಲಿ ಎಲೆಯ ಎರಡೂ ಬದಿಗೆ ಸಿಂಪಡಿಸಿ. ಹೂ ಬಿರಿದಿರುವಾಗ ಬೇಡ.

ಹುಳ ಇದೆ, ಆದರೆ ಯಾವ ಹುಳ?

ಹುಳ ತಿರುಳಿನಲ್ಲಿದೆಯೋ ಗೊರಟಿನೊಳಗೆ ಇದೆಯೋ ನೋಡಿ. ಇವು ಎರಡು ಬೇರೆ ಕೀಟಗಳು, ಬೇರೆ ಕಾಲ, ಬೇರೆ ಪರಿಹಾರ.

ತಿರುಳಿನಲ್ಲಿ ಬಿಳಿ ಮರಿಹುಳಗಳು ಮಿಜಿಗುಡುತ್ತಿದ್ದರೆ, ಮುಟ್ಟಿದಾಗ ಕೆಲವು ಜಿಗಿದರೆ, ಅದು ಹಣ್ಣು ನೊಣ. ಬಲಿತ ಕಾಯಿಯ ಸಿಪ್ಪೆಗೆ ಹೆಣ್ಣು ನೊಣ ಚುಚ್ಚಿ ಮೊಟ್ಟೆಯಿಡುತ್ತದೆ. ಸೂಜಿ ಚುಚ್ಚಿದಷ್ಟೇ ಗುರುತು, ಹಿಂಡಿದರೆ ರಸ ಜಿನುಗುತ್ತದೆ. ಒಂದೆರಡು ದಿನದಲ್ಲಿ ಮರಿ ಹೊರಬಂದು ತಿರುಳು ತಿಂದು, ಹಣ್ಣಿನ ಜತೆ ನೆಲಕ್ಕೆ ಬಿದ್ದು, ಮಣ್ಣಿನಲ್ಲಿ ಕೆಲವೇ ಸೆಂಟಿಮೀಟರ್ ಆಳದಲ್ಲಿ ಕೋಶವಾಗುತ್ತದೆ. ಆದ್ದರಿಂದ ಬಿದ್ದ ಹಣ್ಣನ್ನು ಬುಡದಲ್ಲೇ ಬಿಟ್ಟರೆ ಮುಂದಿನ ತಲೆಮಾರಿನ ನೊಣವನ್ನು ನೀವೇ ಸಾಕಿದಂತಾಗುತ್ತದೆ. ದಿನಾ ಸಂಜೆ ಬಿದ್ದದ್ದನ್ನು ಹೆಕ್ಕಿ, ದಪ್ಪ ತೊಟ್ಟೆಯಲ್ಲಿ ಬಿಗಿಯಾಗಿ ಕಟ್ಟಿ ನಾಲ್ಕೈದು ದಿನ ಬಿಸಿಲಿಗಿಡಿ, ಇಲ್ಲವೇ ಎರಡು ಅಡಿ ಆಳದಲ್ಲಿ ಹೂಳಿ. ಗೊಬ್ಬರದ ಗುಂಡಿಗೆ ಎಸೆಯಬೇಡಿ.

ಮೋಹಕ ಬಲೆ ಒಳ್ಳೆಯದು, ಆದರೆ ಅದರ ಮಿತಿ ತಿಳಿದಿರಲಿ. ಮಿಥೈಲ್ ಯುಜೆನಾಲ್ ಸವರಿದ ಪ್ಲೈವುಡ್ ತುಂಡಿಗೆ ಬರುವುದು ಗಂಡು ನೊಣ ಮಾತ್ರ. ಗಂಡುಗಳ ಸಂಖ್ಯೆ ಇಳಿದರೆ ಹೆಣ್ಣು ಫಲಿಸುವುದು ಕಡಿಮೆಯಾಗುತ್ತದೆ, ಅದಕ್ಕೆ ಸಮಯ ಬೇಕು. ಹಣ್ಣು ಬೀಳತೊಡಗಿದ ಮೇಲೆ ತೂಗುಹಾಕಿದರೆ ಪ್ರಯೋಜನ ಅಲ್ಪ. ಕೊಯ್ಲಿಗೆ ಒಂದೂವರೆ ಎರಡು ತಿಂಗಳ ಮೊದಲು, ಅಂದರೆ ಮಾರ್ಚ್ ಮಧ್ಯದ ಹೊತ್ತಿಗೆ, ನೆರಳಿನ ಗೆಲ್ಲಿಗೆ ನಾಲ್ಕೈದು ಅಡಿ ಎತ್ತರದಲ್ಲಿ ಕಟ್ಟಿ. ತಿಂಗಳಿಗೊಮ್ಮೆ ತುಂಡು ಬದಲಾಯಿಸಿ. ಎಕರೆಗೆ ನಾಲ್ಕರಿಂದ ಆರು ಸಾಕು, ಹತ್ತಿಪ್ಪತ್ತು ಸೆಂಟ್ಸಿನ ಹಿತ್ತಲಿಗೆ ಒಂದೆರಡು. ಪೇರಳೆ, ಚಿಕ್ಕು, ಜಂಬುನೇರಳೆ ಹತ್ತಿರದಲ್ಲಿದ್ದರೆ ನೊಣ ಅವುಗಳಲ್ಲೂ ಬೆಳೆಯುತ್ತದೆ, ಅಲ್ಲಿಯ ಉದುರು ಹಣ್ಣನ್ನೂ ಹೆಕ್ಕಬೇಕು. ನೆರೆಮನೆಯವರೂ ಕೂಡಿ ಮಾಡಿದರೆ ಫಲ ಬೇರೆಯೇ.

ತಿರುಳು ಚೊಕ್ಕಟವಾಗಿದ್ದು, ಗೊರಟು ಬಿಡಿಸಿದಾಗ ಬೀಜದೊಳಗೆ ದಪ್ಪ ಬಿಳಿ ಹುಳವೋ ಕರಿ ಕಂದು ಬಣ್ಣದ ದುಂಬಿಯೋ ಕಂಡರೆ ಅದು ಗೊರಟು ಕೊರಕ, ಓಟೆ ಹುಳು ಎಂದೂ ಕರೆಯುವುದುಂಟು. ಕಾಯಿ ಗೋಲಿಯಿಂದ ಲಿಂಬೆ ಗಾತ್ರದಲ್ಲಿರುವಾಗಲೇ ಸಿಪ್ಪೆಯಲ್ಲಿ ಮೊಟ್ಟೆಯಿಟ್ಟಿರುತ್ತದೆ. ಮರಿ ಇನ್ನೂ ಮೆತ್ತಗಿರುವ ಗೊರಟನ್ನು ಹೊಕ್ಕ ಮೇಲೆ ಗಾಯ ಮಾಯುತ್ತದೆ. ಬಲಿತ ಹಣ್ಣಿನ ಮೇಲೆ ಏನೂ ಉಳಿಯುವುದಿಲ್ಲ. ದುಂಬಿ ಹೊರಬೀಳುವ ಮೊದಲು ಹೆಚ್ಚಿದರೆ ಹಣ್ಣು ತಿನ್ನಲು ಅಡ್ಡಿಯಿಲ್ಲ. ತಡವಾಗಿ ಹಣ್ಣಾಗುವ ನೀಲಂ, ತೋತಾಪುರಿಯಂಥವುಗಳಲ್ಲಿ ದುಂಬಿ ತಿರುಳು ಕೊರೆದುಕೊಂಡೇ ಹೊರಬರುತ್ತದೆ, ಆಗ ಕಪ್ಪು ಸುರಂಗ ಕಾಣುತ್ತದೆ.

ಇದಕ್ಕೆ ವರ್ಷಕ್ಕೆ ಒಂದೇ ತಲೆಮಾರು. ಹೊರಬಂದ ದುಂಬಿ ಮುಂದಿನ ಹೂವಿನವರೆಗೂ ತೊಗಟೆಯ ಬಿರುಕು, ಬುಡದ ಕಸದಲ್ಲಿ ಅಡಗಿರುತ್ತದೆ. ಹಾಗಾಗಿ ಹಿಡಿಯುವುದು ಸುಲಭ, ಸರಿಯಾದ ಕಾಲ ಬೇಕು ಅಷ್ಟೇ. ತಿಂದು ಎಸೆದ ಗೊರಟುಗಳನ್ನೆಲ್ಲ, ಮಾಂಬಳಕ್ಕೆ ರಸ ಹಿಂಡಿ ಉಳಿದವನ್ನೂ ಸೇರಿಸಿ, ಅದೇ ದಿನ ಬಚ್ಚಲ ಒಲೆಗೆ ಹಾಕಿ ಸುಡಿ. ಡಿಸೆಂಬರಿನಲ್ಲಿ ಕಾಂಡದ ಸಡಿಲ ತೊಗಟೆಯನ್ನು ಗಡಸು ಬ್ರಷ್‌ನಿಂದ ತಿಕ್ಕಿ ಕೆಳಗೆ ಬಿದ್ದದ್ದನ್ನು ಸುಡಿ. ಹಾವಳಿ ತೀವ್ರವಿದ್ದರೆ ಮಾತ್ರ ಕಾಯಿ ಗೋಲಿ ಗಾತ್ರಕ್ಕೆ ಬಂದಾಗ ಡೆಲ್ಟಾಮೆಥ್ರಿನ್ 2.8 ಇಸಿ ಲೀಟರಿಗೆ 1 ಮಿಲಿ, ಎರಡು ಮೂರು ವಾರ ಬಿಟ್ಟು ಇನ್ನೊಮ್ಮೆ. ಮೇ ತಿಂಗಳಲ್ಲಿ ಹೊಡೆದರೆ ಗೊರಟಿನೊಳಗಿನ ಹುಳಕ್ಕೆ ಅದು ತಲುಪುವುದೇ ಇಲ್ಲ, ನೀವು ತಿನ್ನುವ ಸಿಪ್ಪೆಯ ಮೇಲಷ್ಟೇ ಉಳಿಯುತ್ತದೆ.

ಹಣ್ಣಾಗುವಾಗ ಕಪ್ಪು ಕಲೆ, ತೊಟ್ಟಿನಿಂದ ಕೊಳೆ

ಕಾಯಿಯಲ್ಲಿ ಏನೂ ಇಲ್ಲದೆ, ಬೈಹುಲ್ಲಿನಲ್ಲಿಟ್ಟ ಮೂರನೇ ದಿನ ಕಪ್ಪು ಚುಕ್ಕೆಗಳೆದ್ದು ಒಂದಕ್ಕೊಂದು ಕೂಡಿಕೊಂಡರೆ ಅದು ಚಿಬ್ಬು ರೋಗ. ನಮ್ಮ ತೇವದ ಹವೆಗೆ ಇದು ಅಂಟಿಕೊಂಡೇ ಬಂದಿದೆ. ಸೋಂಕು ಹೂವು, ಮಿಡಿಯ ಕಾಲದಲ್ಲೇ ಹೊಕ್ಕು ಸುಮ್ಮನಿದ್ದು, ಹಣ್ಣಾಗುವಾಗ ತಲೆಯೆತ್ತುತ್ತದೆ. ಹೂಗೊಂಚಲು ಕಪ್ಪಾಗಿ ಒಣಗಿದ್ದರೆ ಅದೇ ಸೂಚನೆ. ಗೊಂಚಲಿನ ಮೇಲೆ ಬಿಳಿ ಹಿಟ್ಟು ಕಂಡರೆ ಮಾತ್ರ ಬೂದಿ ರೋಗ, ಅದಕ್ಕೆ ನೀರಿನಲ್ಲಿ ಕರಗುವ ಗಂಧಕ ಲೀಟರಿಗೆ 2 ಗ್ರಾಂ. ಚಿಬ್ಬಿಗೆ ಮಳೆಗಾಲ ಮುಗಿದ ಮೇಲೆ ಒಣ ಕಡ್ಡಿಗಳನ್ನು ಕತ್ತರಿಸಿ ಸುಟ್ಟು, ಹೂ ಬರುವ ಮೊದಲು ಕಾಪರ್ ಆಕ್ಸಿಕ್ಲೋರೈಡ್ ಲೀಟರಿಗೆ 3 ಗ್ರಾಂ ಸಿಂಪಡಿಸಿ. ಗೊಂಚಲಿಗೆ ಗಾಳಿಯಾಡುವಂತೆ ಮರದ ನಡುವಿನ ಒಂದೆರಡು ಗೆಲ್ಲು ತೆಗೆಯುವುದು ಔಷಧಿಯಷ್ಟೇ ಕೆಲಸ ಮಾಡುತ್ತದೆ.

ಕೊಯ್ದ ದಿನವೇ ಕಾಯಿಗಳನ್ನು 52 ಡಿಗ್ರಿ ಬಿಸಿನೀರಿನಲ್ಲಿ ಹತ್ತು ನಿಮಿಷ ಮುಳುಗಿಸಿ, ತಣ್ಣೀರಿನಲ್ಲಿ ಆರಿಸಿ, ನೆರಳಿನಲ್ಲಿ ಒಣಗಿಸಿದರೆ ಸುಮ್ಮನಿದ್ದ ಸೋಂಕು ಬಹಳ ಮಟ್ಟಿಗೆ ಅಡಗುತ್ತದೆ. ಥರ್ಮಾಮೀಟರ್ ಇಲ್ಲದೆ ಕೈಯಂದಾಜಿನಲ್ಲಿ ಮಾಡಬೇಡಿ. ನಾಲ್ಕೈದು ಡಿಗ್ರಿ ಹೆಚ್ಚಾದರೂ ಸಿಪ್ಪೆ ಬೇಯುತ್ತದೆ. ಮುಂಡಪ್ಪದಂಥ ತೆಳು ಸಿಪ್ಪೆಯ ಹಣ್ಣಾದರೆ ಮೊದಲು ಎರಡರಲ್ಲಿ ನೋಡಿ.

ತೊಟ್ಟಿನ ಸುತ್ತ ಕಂದಾಗಿ ಕೆಳಕ್ಕೆ ಇಳಿಯುವ ಕೊಳೆ, ಸೊನೆ ಸುಟ್ಟ ಕಪ್ಪು ಗೆರೆ, ಎರಡೂ ಕೊಯ್ಲಿನ ರೀತಿಯಿಂದ ಬರುವಂಥವು. ಗೆಲ್ಲು ಅಲುಗಿಸಿ ಉದುರಿಸಬೇಡಿ. ದೋಟಿಯ ತುದಿಗೆ ಬಲೆ ಚೀಲ ಕಟ್ಟಿ, ಮೂರು ನಾಲ್ಕು ಸೆಂಟಿಮೀಟರ್ ತೊಟ್ಟು ಉಳಿಯುವಂತೆ ಕೊಯ್ಯಿರಿ. ನೆರಳಿಗೆ ತಂದು ತೊಟ್ಟನ್ನು ಗಿಡ್ಡ ಮಾಡಿ, ತೊಟ್ಟು ಕೆಳಮುಖವಾಗುವಂತೆ ಕಡ್ಡಿಯ ಚೌಕಟ್ಟಿನ ಮೇಲೆ ಅರ್ಧ ಗಂಟೆ ಇಟ್ಟರೆ ಸೊನೆ ಮೈಗೆ ತಾಗದೆ ಇಳಿಯುತ್ತದೆ. ಬೇಸಿಗೆ ಮಳೆ ಬಿದ್ದ ಮರುದಿನ ಕೊಯ್ಯಬೇಡಿ, ಎರಡು ದಿನ ಬಿಸಿಲು ಕಾಯಿರಿ. ಪತ್ತನಾಜೆ (ಮೇ ಕೊನೆಯ ವಾರದ ಹೊತ್ತಿಗೆ ಬರುವ, ತುಳುನಾಡಿನಲ್ಲಿ ಮಳೆಗಾಲದ ಹೊಸ್ತಿಲೆಂದು ಎಣಿಸುವ ದಿನ) ಕಳೆದ ಮೇಲೆ ಆ ಅವಕಾಶ ಸಿಗುವುದು ಅಪರೂಪ, ಅದಕ್ಕೇ ಮುಂಡಪ್ಪ ಇರುವವರು ಮೇ ಮೂರನೇ ವಾರದಿಂದಲೇ ಆಕಾಶ ನೋಡುತ್ತಿರಬೇಕು.

ಹಣ್ಣು ಮಾಡಲು ಬೈಹುಲ್ಲೇ ಸಾಕು, ಒಂದು ಪದರ ಹುಲ್ಲು, ಒಂದು ಪದರ ಕಾಯಿ, ಐದರಿಂದ ಎಂಟು ದಿನ. ಬಲಿಯದ ಕಾಯಿಯನ್ನು ಯಾವ ಹುಲ್ಲೂ ಸಿಹಿ ಮಾಡುವುದಿಲ್ಲ, ಬಣ್ಣ ಬರಬಹುದು, ಸಿಪ್ಪೆ ಸುಕ್ಕಾಗುತ್ತದೆ. ಕ್ಯಾಲ್ಸಿಯಂ ಕಾರ್ಬೈಡಿನಿಂದ ಹಣ್ಣು ಮಾಡುವುದು ಕಾನೂನಿನಲ್ಲಿ ನಿಷಿದ್ಧ, ದೇಹಕ್ಕೂ ಕೇಡು. ಹಸಿ ಕಾಯಿಯನ್ನು ಫ್ರಿಜ್ಜಿನಲ್ಲಿಟ್ಟರೆ ಚಳಿಯಿಂದ ಸಿಪ್ಪೆ ಕುಳಿಬಿದ್ದು, ಹೊರಗಿಟ್ಟ ಮೇಲೂ ಸರಿಯಾಗಿ ಹಣ್ಣಾಗುವುದಿಲ್ಲ.

ಹೂವೇ ಇಲ್ಲ, ಅಥವಾ ಮಿಡಿ ನಿಲ್ಲುವುದಿಲ್ಲ

ಹೂ ಬಾರದ ಮರದಲ್ಲಿ ಮೊದಲು ಕಸಿ ಗಂಟನ್ನು ನೋಡಿ. ಗಂಟಿನ ಕೆಳಗಿನಿಂದ ಎದ್ದ ಚಿಗುರು ಮೇಲಿನ ಕಸಿಯನ್ನು ಕೊಂದು ತಾನೇ ಮರವಾಗಿರುವುದುಂಟು, ಆಗ ಅದು ಬರೀ ಕಾಟು. ಕಸಿ ಸರಿಯಿದ್ದರೆ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ನೀರು, ಯೂರಿಯಾ ಎರಡನ್ನೂ ನಿಲ್ಲಿಸಿ. ಅಡುಗೆಮನೆಯ ನೀರು ಬುಡಕ್ಕೆ ಹರಿಯುತ್ತಿದ್ದರೆ ಬೇರೆ ಕಡೆ ತಿರುಗಿಸಿ, ಹಿತ್ತಲಿನ ಮರ ಬರೀ ಎಲೆ ಬಿಡುವುದಕ್ಕೆ ಇದು ಅತಿ ಸಾಮಾನ್ಯ ಕಾರಣ. ಒಂದು ವರ್ಷ ತುಂಬಿ ಬಂದು ಮರುವರ್ಷ ಫಲ ಕೊಡದಿರುವುದು ಆಪುಸಿನ ಸ್ವಭಾವ.

ಮಿಡಿ ಉದುರುವುದಕ್ಕೆ ಹೆದರಬೇಕಾಗಿಲ್ಲ, ಸಾವಿರ ಹೂವಿಗೆ ಒಂದು ಕಾಯಿ ನಿಂತರೂ ಮರಕ್ಕೆ ಸಾಕಷ್ಟಾಯಿತು. ಎಲೆಗಳು ಅಂಟಂಟಾಗಿ ಕಪ್ಪು ಬೂಷ್ಟು ಹಿಡಿದು, ಗೆಲ್ಲು ತಟ್ಟಿದಾಗ ಸಣ್ಣ ಕೀಟಗಳು ಚಟಪಟನೆ ಹಾರಿದರೆ ಮಾತ್ರ ಜಿಗಿಹುಳು. ಗೊಂಚಲು ಹೊರಡುವಾಗ, ಹೂ ಬಿರಿಯುವ ಮೊದಲು, ಇಮಿಡಾಕ್ಲೋಪ್ರಿಡ್ 17.8 ಎಸ್‌ಎಲ್ ಲೀಟರಿಗೆ 0.3 ಮಿಲಿ. ಬಿರಿದ ಮೇಲೆ ಹೊಡೆದರೆ ಪರಾಗ ಹಚ್ಚುವ ಜೇನು, ನೊಣಗಳೂ ಸಾಯುತ್ತವೆ, ಕಾಯಿ ಕಚ್ಚುವುದೇ ಇಲ್ಲ. ಮಿಡಿ ಬಟಾಣಿ ಗಾತ್ರವಾದಾಗಿನಿಂದ ಹತ್ತು ಹದಿನೈದು ದಿನಕ್ಕೊಮ್ಮೆ ನೀರು ಕೊಟ್ಟು, ಕೊಯ್ಲಿಗೆ ಎರಡು ಮೂರು ವಾರ ಮೊದಲು ನಿಲ್ಲಿಸಿ.

ನರ್ಸರಿಯಲ್ಲಿ ಪೀಚ್, ಪ್ಲಮ್ ಗಿಡ ಕೊಂಡು ಹೂ ಬಾರದೆ ಕಾಯುತ್ತಿರುವವರಿಗೆ ಕಾರಣ ಮಣ್ಣಲ್ಲ, ಗೊಬ್ಬರವಲ್ಲ. ಅವುಗಳ ಮೊಗ್ಗು ಬಿರಿಯಲು 7 ಡಿಗ್ರಿಗಿಂತ ಕೆಳಗಿನ ಚಳಿ ನೂರಾರು ಗಂಟೆ ಬೇಕು, ಜನವರಿಯ ರಾತ್ರಿಯಲ್ಲೂ 20 ಡಿಗ್ರಿ ಆಸುಪಾಸಿರುವ ಮಂಗಳೂರಿನಲ್ಲಿ ಅದು ಸಿಗದು. ಆ ಜಾಗಕ್ಕೆ ಅಂಬಟೆ ನೆಡಿ.

ಮರ ಉಳಿಸಿ ತಳಿ ಬದಲಾಯಿಸುವುದು

ಸ್ಪಂಜಿನ ಕಾಟ ತಪ್ಪದ ಆಪುಸಿಗೆ ಮುಂಡಪ್ಪ, ಮಲ್ಲಿಕಾ ಅಥವಾ ರತ್ನ ಕಸಿ ಮಾಡಬಹುದು. ರತ್ನ ನೀಲಂ ಮತ್ತು ಆಪುಸಿನ ಮಿಶ್ರತಳಿ, ಮಹಾರಾಷ್ಟ್ರದ ವೆಂಗುರ್ಲಾದ ಸಂಶೋಧನಾ ಕೇಂದ್ರದಿಂದ 1981ರಲ್ಲಿ ಬಂದದ್ದು, ಅದರಲ್ಲಿ ಸ್ಪಂಜು ತಿರುಳಿಲ್ಲ. ಕೊಯ್ಲು ಮುಗಿದ ಕೂಡಲೇ ದೊಡ್ಡ ಗೆಲ್ಲುಗಳನ್ನು ಎದೆಯೆತ್ತರದಲ್ಲಿ ಓರೆಯಾಗಿ ಕತ್ತರಿಸಿ ಬೋರ್ಡೊ ಮುಲಾಮು (ಮೈಲುತುತ್ತು, ಸುಣ್ಣ ಕಲಸಿದ್ದು) ಹಚ್ಚಿ. ಒಂದು ಗೆಲ್ಲನ್ನು ಎಲೆಯೊಂದಿಗೆ ಹಾಗೇ ಬಿಡಿ, ಅದು ಬೇರನ್ನು ಸಾಕುತ್ತದೆ. ಜುಲೈ ಹೊತ್ತಿಗೆ ಏಳುವ ಚಿಗುರುಗಳಲ್ಲಿ ಗೆಲ್ಲಿಗೆ ಮೂರು ನಾಲ್ಕು ದಪ್ಪನೆಯವನ್ನು ಇಟ್ಟು ಉಳಿದವನ್ನು ಮುರಿಯಿರಿ. ಆಗಸ್ಟಿನಲ್ಲಿ, ಚಿಗುರಿನ ಕಾಂಡ ಪೆನ್ಸಿಲ್ ದಪ್ಪವಾದಾಗ, ಬೇಕಾದ ತಳಿಯ ಮರದಿಂದ ಮೂರು ನಾಲ್ಕು ತಿಂಗಳ ಕಡ್ಡಿಯನ್ನು 10ರಿಂದ 12 ಸೆಂಟಿಮೀಟರ್ ಉದ್ದ ತೆಗೆದುಕೊಳ್ಳಿ. ಅದರ ಎಲೆಗಳನ್ನು ವಾರ ಹತ್ತು ದಿನ ಮೊದಲೇ ಮರದಲ್ಲೇ, ತೊಟ್ಟು ಬಿಟ್ಟು ಕತ್ತರಿಸಿರಬೇಕು. ಕಡ್ಡಿಯ ಬುಡವನ್ನು ಮೂರು ನಾಲ್ಕು ಸೆಂಟಿಮೀಟರ್ ಬೆಣೆಯಾಗಿ ಕೆತ್ತಿ, ಚಿಗುರಿನ ತಲೆ ಕತ್ತರಿಸಿ ನಡುವೆ ಮಾಡಿದ ಸೀಳಿಗೆ ಕೂರಿಸಿ. ಕನಿಷ್ಠ ಒಂದು ಬದಿಯ ತೊಗಟೆಯಾದರೂ ತೊಗಟೆಗೆ ತಾಗಲೇಬೇಕು. ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿದು, ಮೇಲೆ ಐಸ್‌ಕ್ಯಾಂಡಿ ತೊಟ್ಟೆ ತೊಡಿಸಿ ಕೆಳಗೆ ಕಟ್ಟಿ. ಮೂರು ವಾರದಲ್ಲಿ ಮೊಗ್ಗು ಬಿರಿದರೆ ತೊಟ್ಟೆ ತೆಗೆಯಿರಿ, ಬಿಗಿದ ಪಟ್ಟಿಯನ್ನು ಮಾತ್ರ ಎರಡು ತಿಂಗಳು ಮುಟ್ಟಬೇಡಿ. ಕಡ್ಡಿ ಕಪ್ಪಾಗಿದ್ದರೆ ಅದನ್ನು ಕತ್ತರಿಸಿ, ಉಳಿಸಿದ ಇನ್ನೊಂದು ಚಿಗುರಿನಲ್ಲಿ ಸೆಪ್ಟೆಂಬರ್ ಮುಗಿಯುವುದರೊಳಗೆ ಮತ್ತೆ ಕಟ್ಟಬಹುದು.